ರೂತ್‌ಬಾಯಿಯ ಲಕೋಟೆಯ ಮೇಲೆ ನನ್ನ ಸಹಿ

ರೂತ್‌ಬಾಯಿಯ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ರಾಜಕಾರಣಿಯ ಹೆಸರೆತ್ತಿದರೆ ಆ ದಿನದ ಪಾತ್ರೆಯೆಲ್ಲ ಅವರೇ ತೊಳೆಯಬೇಕಿತ್ತು. ಹೆಸರು ಬಾಯಿಂದ ಬಿದ್ದದ್ದೇ ತಡ, ರೂತ್‌ಬಾಯಿ ಎದ್ದು ಹೋಗಿ ಏಪ್ರನ್ ತಂದು ಅವರ ಮಡಿಲಲ್ಲಿ ಇಡುತ್ತಿದ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ವಿನಾಯಿತಿ ಇರಲಿಲ್ಲ. ಅರವತ್ತು ದಾಟಿದ, ಬಾಗಿಲಿನಷ್ಟು ಎತ್ತರದ, ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಅಮೆರಿಕದ ಹೆಂಗಸು ಅವರು. ಅವರು ಎದ್ದು ನಿಂತರೆ ಯಾರೂ ವಾದ ಮಾಡುತ್ತಿರಲಿಲ್ಲ.

ಮಕ್ಕಳೇ, ನಿಮಗೆ ಅವರ ನೆನಪು ಉಳಿದಿದೆಯೋ ಇಲ್ಲವೋ. ಸೌದಿಯ ತಾಯಿಫಿನ ಈ ಕ್ವಾರ್ಟರ್ಸಿನಲ್ಲಿ ನಮ್ಮ ಎದುರಿನ ಬಾಗಿಲು ಅವರದು. ಆಸ್ಪತ್ರೆಯಲ್ಲಿ ನಿಮ್ಮ ಅಮ್ಮನಿಗೆ ಅವರೇ ಮೇಲಿನವರು. ನಿಮ್ಮ ಅಜ್ಜ ತೀರಿಕೊಂಡ ವರ್ಷ ನಿಮ್ಮನ್ನು ನೋಡಿಕೊಳ್ಳಲು ನಾನು ಉಡುಪಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದೆ. ಓದಿದ್ದು ಏಳನೆಯ ತರಗತಿ, ಅದೂ ಕನ್ನಡ ಶಾಲೆಯಲ್ಲಿ. ಹೊಸಬರು ಬಂದರೆ ಬಾಗಿಲ ಹಿಂದೆ ನಿಂತೇ ಮಾತಾಡುತ್ತಿದ್ದೆ. ರೂತ್‌ಬಾಯಿ ಮೊದಲ ವಾರವೇ ಖರ್ಜೂರದ ಕೇಕಿನ ತಟ್ಟೆ ಹಿಡಿದು ಬಂದು, ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಬಂದುಬಿಟ್ಟರು. "ಬಾಗಿಲಿನ ಹತ್ತಿರ ನಾನು ಎಷ್ಟಂತ ಮಾತಾಡೂದು ಸೆಲಿನ್? ಬಾಗಿಲಿಗೆ ಇಂಗ್ಲಿಷ್ ಬರೂದಿಲ್ಲ" ಎಂದರು. ಅವರ ಇಂಗ್ಲಿಷನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ನನ್ನ ಕಿವಿಗೆ ಅದು ಹಾಗೆಯೇ ಬೀಳುತ್ತಿತ್ತು.

ಅಮೆರಿಕದಲ್ಲಿ ಚುನಾವಣೆ ಬಂದ ವರ್ಷ ಅವರ ಊಟದ ಮೇಜು ಕಚೇರಿಯಾಗುತ್ತಿತ್ತು. ಆಸ್ಪತ್ರೆಯಲ್ಲಿದ್ದ ನಾಲ್ಕಾರು ಅಮೆರಿಕದವರು ತಮ್ಮ ಓಟಿನ ಕಾಗದ ತುಂಬಿಸಿ ಊರಿಗೆ ಕಳುಹಿಸಬೇಕು. ಯಾವ ಗೆರೆಯಲ್ಲಿ ಸಹಿ, ಯಾವ ಮಡಿಕೆ ಹೇಗೆ, ಎಲ್ಲವನ್ನೂ ರೂತ್‌ಬಾಯಿ ತೋರಿಸಿಕೊಡುತ್ತಿದ್ದರು. ಯಾರಿಗೆ ಓಟು ಎಂದು ಮಾತ್ರ ಕೇಳುತ್ತಿರಲಿಲ್ಲ. "ಓಟು ಅಂದ್ರೆ ಹಲ್ಲುಜ್ಜುವ ಬ್ರಷ್ ಇದ್ದ ಹಾಗೆ. ಎಲ್ಲರ ಹತ್ರವೂ ಒಂದು ಇರಬೇಕು, ಇನ್ನೊಬ್ಬರದ್ದು ಕೇಳಬಾರದು" ಎಂಬುದು ಅವರ ಮಾತು.

ಅವರ ಊರಿನ ಕಾನೂನಿನಂತೆ ಲಕೋಟೆಯ ಹೊರಗೆ ಒಬ್ಬ ಸಾಕ್ಷಿಯ ಸಹಿ ಬೇಕು. ಹೊರದೇಶದಲ್ಲಿ ಇರುವವರಿಗೆ ಸಾಕ್ಷಿ ಯಾವ ದೇಶದವರಾದರೂ ಆಗುತ್ತದೆ. ನಾನು ಬಂದ ಮೇಲಿನ ಮೊದಲ ಚುನಾವಣೆಗೆ ಅವರು ನನ್ನನ್ನು ಕರೆದರು. ಬೇರೆ ಯಾರೂ ಇಲ್ಲವೇ ಎಂದು ಕೇಳಿದೆ. "ಇದ್ದಾರೆ. ಆದರೆ ಅವರಿಗೆಲ್ಲ ಒಂದೊಂದು ಕಡೆ ಉಂಟು. ನಿನಗೆ ಯಾವ ಕಡೆಯೂ ಇಲ್ಲ. ಅದಕ್ಕೇ ನೀನು" ಎಂದರು.

ನನಗೆ ಬರುವ ಸಹಿ ಒಂದೇ, ಶಾಲೆಯಲ್ಲಿ ಮಾಸ್ತರರು ಕಲಿಸಿದ್ದು. ಎಲ್ಲರ ಲಕೋಟೆಯ ಮೇಲೂ ಪೂರ್ತಿ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದೆ. ವಿಳಾಸದ ಗೆರೆ ಕಂಡಿತು, ಅದನ್ನೂ ಕನ್ನಡದಲ್ಲೇ ತುಂಬಿದೆ. ದಿವಂಗತರ ಹೆಂಡತಿ ಎಂದು ನಿಮ್ಮ ಅಜ್ಜನ ಹೆಸರನ್ನೂ ಸೇರಿಸಿದೆ. ನಮ್ಮಲ್ಲಿ ಹಾಗೆ ಬರೆಯದಿದ್ದರೆ ಅರ್ಧ ಬರೆದ ಹಾಗೆ. ರೂತ್‌ಬಾಯಿ ನಕ್ಕು, ಪ್ರತಿಯೊಂದರ ಕೆಳಗೂ ಇಂಗ್ಲಿಷಿನಲ್ಲಿ ಬರೆದು ಸೇರಿಸಿದರು. ಮೂರನೆಯ ಮಹಡಿಯ ಕ್ಯಾರಲ್ ಲ್ಯಾಬಿನಲ್ಲಿ ಕೆಲಸ ಮಾಡುವವರು, ರೂತ್‌ಬಾಯಿಯ ಹಳೆಯ ಗೆಳತಿ. ಅವರು ತಮ್ಮ ಲಕೋಟೆಯನ್ನು ಎತ್ತಿ ಹಿಡಿದು, "ನೋಡಿ, ನನ್ನದರ ಮೇಲೆ ಜಿಲೇಬಿ ಹಾಕಿ ಕೊಟ್ಟಿದ್ದಾರೆ" ಎಂದು ಎಲ್ಲರಿಗೂ ತೋರಿಸಿದರು.

ಆ ಸಲ ಓಟುಗಳು ಹೋಗಿ ಮುಟ್ಟಿದವು. ಯಾರೂ ಏನೂ ಕೇಳಲಿಲ್ಲ.

ಮುಂದಿನ ನಾಲ್ಕು ವರ್ಷಗಳಲ್ಲಿ ಮೇಜಿನ ಸುತ್ತ ಏನೋ ಕೆಟ್ಟಿತು. ಊಟದ ನಡುವೆ ಎಲ್ಲರೂ ಫೋನ್ ನೋಡತೊಡಗಿದರು. ಕ್ಯಾರಲ್ ಫೋನಿನಲ್ಲೇ ತಮ್ಮ ಊರಿನ ಒಂದು ಗುಂಪಿಗೆ ಸೇರಿದ್ದರು. ಕಳ್ಳ ಓಟು ಹುಡುಕುವುದು ಆ ಗುಂಪಿನ ಕೆಲಸ. ಎಕ್ಸ್‌ರೇ ವಿಭಾಗದ ಡ್ಯಾನ್ ಎದುರಿನ ಗುಂಪಿನಲ್ಲಿದ್ದ. ಕ್ಯಾರಲ್‌ನಂಥವರು ಯಾರು, ಎಲ್ಲಿ ಕೆಲಸ ಮಾಡುತ್ತಾರೆ ಎಂದು ಆ ಗುಂಪಿನವರು ಪಟ್ಟಿ ಮಾಡುತ್ತಿದ್ದರು. ಇಬ್ಬರೂ ರೂತ್‌ಬಾಯಿಯನ್ನು ತಮ್ಮ ತಮ್ಮ ಗುಂಪಿಗೆ ಕರೆದರು. ಅವರು ಇಬ್ಬರಿಗೂ ಚಹಾ ಕೊಟ್ಟು ಕಳುಹಿಸಿದರು. ಒಂದು ಶುಕ್ರವಾರ ಊಟದಲ್ಲಿ ಎಲ್ಲರ ಬಾಯಿಂದಲೂ ಹೆಸರುಗಳು ಬಿದ್ದವು. ರೂತ್‌ಬಾಯಿ ಏಪ್ರನ್ ತಂದು ನಿಂತರು. ಯಾರೂ ನಗಲಿಲ್ಲ, ಯಾರೂ ಏಳಲಿಲ್ಲ. ಎಲ್ಲರೂ ಹೋದ ಮೇಲೆ ನಾವಿಬ್ಬರೇ ಪಾತ್ರೆ ತೊಳೆದೆವು. ಪಾತ್ರೆ ತೊಳೆಯುವಾಗ ಯಾವಾಗಲೂ ಗುನುಗುವ ಹಾಡನ್ನು ಅವರು ಆ ದಿನ ಗುನುಗಲಿಲ್ಲ.

ಮತ್ತೆ ಚುನಾವಣೆ ಬಂತು. ಈ ಸಲ ಮೇಜಿಗೆ ಬಂದವರು ಡ್ಯಾನ್ ಮತ್ತು ಕ್ಯಾರಲ್ ಮಾತ್ರ. ಡ್ಯಾನ್ ತನ್ನದನ್ನು ಮುಗಿಸಿ ಬೇಗ ಹೋದ. ಕ್ಯಾರಲ್ ತಮ್ಮ ಕಾಗದ ತಂದಿರಲಿಲ್ಲ, ಆದರೂ ಕೂತಿದ್ದರು. ನಾನು ರೂತ್‌ಬಾಯಿಯ ಲಕೋಟೆಗೆ ಮೊದಲಿನಂತೆಯೇ ಬರೆದೆ. ಅದರ ಕೆಳಗೆ ಇಂಗ್ಲಿಷ್ ಸೇರಿಸುವ ಮೊದಲೇ ಆಸ್ಪತ್ರೆಯಿಂದ ಕರೆ ಬಂದು ಅವರು ಒಳಕೋಣೆಗೆ ಹೋದರು. ಕ್ಯಾರಲ್ ಲಕೋಟೆಯನ್ನು ಬೆಳಕಿಗೆ ತಿರುಗಿಸಿ ಫೋಟೋ ತೆಗೆದರು. ನಾನು ನೋಡಿದೆ. ನೆನಪಿಗೆ ಇರಬಹುದು ಎಂದುಕೊಂಡೆ.

ವಾರದೊಳಗೆ ಆ ಫೋಟೋ ಅವರ ದೇಶವಿಡೀ ಸುತ್ತಿತು. ಅರೇಬಿಯಾದಿಂದ ಗುಪ್ತ ಲಿಪಿಯಲ್ಲಿ ಕಳ್ಳ ಓಟು ಬರುತ್ತಿದೆ ಎಂದು ಅದರ ಕೆಳಗೆ ಬರೆದಿತ್ತಂತೆ. ಲಕೋಟೆಯ ಮೇಲೆ ರೂತ್‌ಬಾಯಿಯ ಹೆಸರಿತ್ತು, ಊರಿನ ಮನೆಯ ವಿಳಾಸವಿತ್ತು. ಆ ಮನೆಯಲ್ಲಿ ಅವರ ತಂಗಿ ಒಬ್ಬರೇ ಇದ್ದರು. ಯಾರೋ ಅವರ ಟಪಾಲು ಪೆಟ್ಟಿಗೆಯನ್ನು ಒಡೆದು ಹಾಕಿದರು. ಡ್ಯಾನ್‌ನ ಗುಂಪು ರೂತ್‌ಬಾಯಿಯ ಚಿತ್ರ ಹಾಕಿ ವೀರ ಮಹಿಳೆ ಎಂದು ಹೊಗಳಿತು. ಮರುದಿನ ತಂಗಿಯ ಅಂಗಳಕ್ಕೆ ಕಲ್ಲು ಬಿತ್ತು. ಆ ಚಿತ್ರವನ್ನು ತೆಗೆದುಹಾಕಲು ರೂತ್‌ಬಾಯಿ ಡ್ಯಾನ್‌ನನ್ನು ಬೇಡಿಕೊಂಡರು. ಈಗ ಹಿಂದೆ ಸರಿದರೆ ಎದುರಿನ ಗುಂಪು ಗೆದ್ದ ಹಾಗಾಗುತ್ತದೆ ಎಂದ ಅವನು.

ಅದು ನನ್ನ ಬರಹ, ಎದುರು ಮನೆಯ ಅಜ್ಜಿಯ ಸಹಿ ಎಂದು ಹೇಳಿದರೆ ಮುಗಿಯಿತಲ್ಲ ಎಂದು ನಾನು ಹೇಳಿದೆ. ರೂತ್‌ಬಾಯಿ ಒಪ್ಪಲಿಲ್ಲ. "ನಿನ್ನ ಹೆಸರು ಹೊರಗೆ ಬಂದರೆ ನಾಳೆ ಇಲ್ಲಿಯ ಕಚೇರಿಯವರು ನಿನ್ನ ಮಗಳು ಜೆಸಿಂತಾಳನ್ನು ಕರೀತಾರೆ. ಇಲ್ಲಿ ಇರಲಿಕ್ಕೆ ಕೊಟ್ಟ ಅವಳ ಇಕಾಮಾ ಹೋದರೆ ಮಕ್ಕಳ ಶಾಲೆಯೂ ಹೋಯ್ತು. ನೀನು ಬಾಯಿ ಬಿಡಬಾರದು." ಬೇರೆ ದೇಶದ ರಾಜಕೀಯಕ್ಕೆ ಕ್ವಾರ್ಟರ್ಸಿನಲ್ಲಿ ಯಾರೂ ಸೇರಬಾರದು ಎಂಬ ನೋಟೀಸು ಆಗಲೇ ಲಿಫ್ಟಿನ ಪಕ್ಕ ಅಂಟಿತ್ತು. ನಿಮ್ಮ ಅಮ್ಮ ಕೆಲಸದಿಂದ ಬಂದವಳೇ ನನ್ನ ಮುಂದೆ ಕೂತಳು. "ಎಂತ ಅಮ್ಮಾ, ಕನ್ನಡದಲ್ಲೇ ಬರೀಬೇಕಿತ್ತಾ ನಿಂಗೆ? ಅಪ್ಪನ ಹೆಸರು ಸಮೇತ?" ಎಂದು ಕೇಳಿದಳು. ಆಮೇಲೆ ಅವಳೇ ಅತ್ತಳು.

ಎರಡು ದಿನ ರೂತ್‌ಬಾಯಿಯ ಮಾತು ಕೇಳಿದೆ. ಮೂರನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಮೆಟ್ಟಿಲು ಹತ್ತಿ ಕ್ಯಾರಲ್‌ನ ಬಾಗಿಲು ತಟ್ಟಿದೆ. ಜೀವನದಲ್ಲಿ ನಾನಾಗಿ ಹೋಗಿ ತಟ್ಟಿದ ಪರರ ಬಾಗಿಲು ಅದೊಂದೇ. ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ: ಅದು ನನ್ನ ಕೈಬರಹ ಎಂದು ನಿಮಗೆ ಗೊತ್ತಲ್ಲ, ನಿಮ್ಮ ಲಕೋಟೆಗೂ ನಾನೇ ಬರೆದಿದ್ದೆನಲ್ಲ, ಒಂದು ಮಾತು ಹೇಳಿಬಿಡಿ.

ಕ್ಯಾರಲ್ ಬಾಗಿಲನ್ನು ಅರ್ಧ ತೆರೆದೇ ನಿಂತಿದ್ದರು. ಮುಖ ಬಾಡಿತ್ತು. "ಗೊತ್ತು ಸೆಲಿನ್. ಗೊತ್ತಿದ್ದೇ ಕಳಿಸಿದೆ. ಇಷ್ಟು ದೂರ ಹೋಗ್ತದೆ ಅಂತ ಗೊತ್ತಿರಲಿಲ್ಲ. ಈಗ ಹೇಳಿದರೆ ನನ್ನ ಗುಂಪಿನವರೇ ನನ್ನ ಮನೆ ಹುಡುಕಿಕೊಂಡು ಹೋಗ್ತಾರೆ. ಅಲ್ಲಿ ನನ್ನ ಮಗ ಇದ್ದಾನೆ" ಎಂದು ಮೆಲ್ಲನೆ ಬಾಗಿಲು ಹಾಕಿಕೊಂಡರು. ನಾನು ಇಳಿದು ಬಂದೆ. ನನಗೂ ಮಗಳಿದ್ದಾಳೆ, ಮೊಮ್ಮಕ್ಕಳಿದ್ದಾರೆ. ಅವರ ಭಯಕ್ಕೂ ನನ್ನ ಭಯಕ್ಕೂ ಏನು ವ್ಯತ್ಯಾಸ ಎಂದು ಇವತ್ತಿಗೂ ಯೋಚಿಸುತ್ತೇನೆ.

ತಂಗಿಯನ್ನು ಒಬ್ಬಳೇ ಬಿಡಲಾರೆ ಎಂದು ರೂತ್‌ಬಾಯಿ ಕೆಲಸ ಬಿಟ್ಟರು. ಹೊರಡುವ ದಿನ ನಾನು ಅಕ್ಕಿರೊಟ್ಟಿ ಕಟ್ಟಿಕೊಟ್ಟೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಇಲ್ಲಿಯ ಅರಬ್ಬಿ ಬೆರೆಸಿ, "ಯಲ್ಲಾ, ಸಾಕು. ನಿನ್ನ ಅಕ್ಷರ ಚಂದ ಉಂಟು, ಅದರದ್ದು ಎಂತ ತಪ್ಪು?" ಎಂದು ಬಗ್ಗಿ ನನ್ನ ಹಣೆಗೆ ಮುತ್ತಿಟ್ಟರು. ಟ್ಯಾಕ್ಸಿಯಲ್ಲಿ ಕೂತ ಮೇಲೆ ತಿರುಗಿ ನೋಡಲಿಲ್ಲ.

ಒಂದು ತಿಂಗಳ ಮೇಲೆ ನಿಮ್ಮ ಅಮ್ಮನ ಫೋನಿಗೆ ಕರೆ ಮಾಡಿ ನನ್ನನ್ನು ಕೇಳಿದರು. ನಿಮ್ಮ ಹಲ್ಲು ಬಿತ್ತೇ, ನನ್ನ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿದರು. ಅಲ್ಲಿ ಎಲ್ಲ ತಣ್ಣಗಾಯಿತೇ ಎಂದು ನಾನು ಕೇಳಿದೆ. ಮನೆಯೆದುರು ಒಂದು ಕಾರು ಬಂದು ನಿಲ್ಲುತ್ತಿತ್ತು ಎಂದರು. ಮೂರು ದಿನದಿಂದ ಎರಡು ನಿಲ್ಲುತ್ತಿವೆಯಂತೆ.

"ಒಂದು ನನ್ನನ್ನು ಹೆದರಿಸಲಿಕ್ಕೆ ಬಂದವರದ್ದು. ಇನ್ನೊಂದು ನನ್ನನ್ನು ಕಾಯಲಿಕ್ಕೆ ಬಂದವರದ್ದು. ಎರಡರಲ್ಲೂ ಜನ ಒಳಗೇ ಕೂತಿರ್ತಾರೆ ಸೆಲಿನ್. ಯಾವುದು ಯಾರದ್ದು ಅಂತ ನಂಗೆ ಗೊತ್ತಾಗೂದಿಲ್ಲ."

ಕಿಟಕಿಯ ಪರದೆ ಎಳೆದ ಸದ್ದು ಕೇಳಿತು. ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟರು. ಮಾಡಲಿಲ್ಲ. ನಾವು ಮಾಡಿದರೆ ಆ ನಂಬರು ಹತ್ತುವುದಿಲ್ಲ.