ಫೋನ್ ಇಡುವುದನ್ನು ಕಲಿತದ್ದು

ನನಗೆ ಕಲಿಸುವುದು ಗೊತ್ತು, ಕಲಿಯುವುದು ಗೊತ್ತಿಲ್ಲ. ಮಾಲೂರು, ಶ್ರೀನಿವಾಸಪುರ, ಕೊನೆಗೆ ಕೋಲಾರ ಎಂದು ಮೂರು ಊರುಗಳ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಲೆಕ್ಕ ತಪ್ಪಿದ ಮಕ್ಕಳ ಮೇಲೆ ಎಷ್ಟು ಸಿಡುಕುತ್ತಿದ್ದೆನೆಂದರೆ, ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕಂಡರೆ ಮೊದಲು ಎರಡು ಹೆಜ್ಜೆ ಹಿಂದೆ ಸರಿದು ಆಮೇಲೆ ನಮಸ್ಕಾರ ಮಾಡುತ್ತಾರೆ. ಹಳೆಯ ಬಟನ್ ಫೋನು ಕೆಟ್ಟು, ಮಗಳು ಟಚ್ ಸ್ಕ್ರೀನಿನ ಫೋನು ತಂದು ಕೈಗಿಟ್ಟ ದಿನ ಆ ಸಿಡುಕೆಲ್ಲ ಬಡ್ಡಿ ಸಮೇತ ನನಗೇ ವಾಪಸು ಬಂತು.

"ಅಮ್ಮ, ಒತ್ಬೇಡ. ಮುಟ್ಟು. ಮುಟ್ಟಿ ಬಿಡು."

"ಮುಟ್ಟಿದ್ನಲ್ಲೇ!"

"ಅದು ಮುಟ್ಟೋದಾ? ಗೋಡೆಗೆ ಮೊಳೆ ಹೊಡೆದಂಗಿದೆ."

ಮಗಳು ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯನ ಜೊತೆ ನಮ್ಮ ಮನೆಯ ಮಹಡಿಯಲ್ಲೇ ಇದ್ದಾಳೆ. ಸಂಜೆ ಇಳಿದು ಬಂದು ಕಾಲು ಗಂಟೆ ಪಾಠ ಹೇಳುತ್ತಿದ್ದಳು. ಬೆರಳು ಒಂದು ಗಳಿಗೆ ಹೆಚ್ಚು ನಿಂತರೆ ಏನೇನೋ ಪಟ್ಟಿ ಎದ್ದು ಬರುತ್ತಿತ್ತು, ಜಾರಿದರೆ ನೋಡುತ್ತಿದ್ದುದೇ ಮಾಯ. ಕರೆ ಬಂದಾಗ ಹಸಿರು ಗುರುತನ್ನು ಒತ್ತಿದರೆ ಸಾಲದು, ಮೇಲಕ್ಕೆ ಸವರಬೇಕಂತೆ. ಫೋನು ಬಡಿದುಕೊಳ್ಳುವಾಗ ಸವರುತ್ತಾ ಕೂರುವ ತಾಳ್ಮೆ ನನಗೆಲ್ಲಿಂದ ಬರಬೇಕು? "ಮಾತು ಮುಗಿದ ಮೇಲೆ ಕೆಂಪು ಬಟನ್ ಮುಟ್ಟು, ಆಗ್ಲೇ ಕಟ್ಟಾಗೋದು" ಎಂದು ಅವಳು ಶುರು ಮಾಡಿದಾಗ, "ಅಷ್ಟೂ ಗೊತ್ತಿಲ್ವೇನೇ ನಂಗೆ? ಮುಂದಕ್ಕೆ ಹೋಗು" ಎಂದೆ. ಅವಳು ಮುಂದಕ್ಕೆ ಹೋದಳು.

ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಇರುವುದು ಮುಳಬಾಗಿಲಿನ ಕಡೆ, ಕುರುಡುಮಲೆಗೆ ಹತ್ತಿರದ ಹಳ್ಳಿಯಲ್ಲಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಅದರಲ್ಲೇ ಅವಳ ಆಯುಷ್ಯ. ಹೊಸ ಫೋನು ತೋರಿಸಲು ಹೋದಾಗ, ಹೊಸ ಬೈಕು ಕೊಂಡವರನ್ನು ಕರೆದುಕೊಂಡು ಹೋಗುವ ಹಾಗೆ ನನ್ನನ್ನೂ ಗಣಪತಿ ಗುಡಿಗೆ ಎಳೆದುಕೊಂಡು ಹೋದಳು. ಪೂಜಾರಿಗಳು ಫೋನಿನ ನೆತ್ತಿಗೆ ದಪ್ಪಗೆ ಗಂಧ ಬಳಿದು, ಅದರ ಮೇಲೆ ಕುಂಕುಮ ಇಟ್ಟುಕೊಟ್ಟರು. "ಒರೆಸ್ಬೇಡ ಕಣೇ, ತಾನಾಗೇ ಹೋಗ್ಲಿ" ಎಂದಳು ಅಕ್ಕ. ಯಾರ ಮಾತೂ ಕೇಳದ ನಾನು ಅದೊಂದು ಮಾತು ಕೇಳಿದೆ.

ಅಕ್ಕನದೊಂದು ಅಭ್ಯಾಸ ಇಲ್ಲಿ ಹೇಳಬೇಕು. ಅವಳ ಊರಿನಿಂದ ನಾನು ಬಸ್ಸು ಹತ್ತಿದರೆ, ಹುಣಸೆಮರದ ತಿರುವಿನಲ್ಲಿ ಬಸ್ಸು ಮರೆಯಾಗುವವರೆಗೂ ಅವಳು ರಸ್ತೆಯಲ್ಲಿ ನಿಂತೇ ಇರುತ್ತಾಳೆ. ಫೋನಿನಲ್ಲೂ ಹಾಗೆಯೇ. ಯಾರೇ ಮಾಡಿರಲಿ, ಮೊದಲು ಇಡುವವಳು ಅವಳಲ್ಲ. "ಮುಖದ ಮೇಲೆ ಬಾಗ್ಲು ಹಾಕ್ದಂಗೆ ಇಡೋಕಾಗುತ್ತಾ? ನೀನಿಡು, ಆಮೇಲೆ ನಾನಿಡ್ತೀನಿ" ಅನ್ನುತ್ತಾಳೆ. ಇದು ನಮ್ಮ ಮನೆಯಲ್ಲಿ ತಮಾಷೆಯ ಮಾತಾಗಿತ್ತು.

ಗುಡಿಗೆ ಹೋಗಿ ಬಂದ ಮೂರನೆಯ ದಿನ ಅವಳ ಫೋನು ಬಂತು. ನಾನು ಒಲೆಯ ಮುಂದಿದ್ದೆ. ಹೇಗೋ ಸವರಿ ಎತ್ತಿಕೊಂಡೆ.

"ಏಮೇ, ಎಡಗಣ್ಣಲ್ಲಿ ಪೊರೆ ಪೂರ್ತಿ ಬಲ್ತಿದೆಯಂತೆ. ಹುಳ ಹಣ್ಣಾಗಿದೆಯೋ ಇಲ್ವೋ ಕಾಣ್ತಾನೇ ಇಲ್ಲ. ಹಣ್ಣಾಗ್ದಿರೋದನ್ನೂ ಎತ್ತಿ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಮೇಲೆ ಬಿಟ್ಬಿಡ್ತೀನಿ, ನಿಮ್ ಭಾವ ಬೈತಾರೆ. ಇನ್ನೂ ತಡ ಮಾಡಿದ್ರೆ ಕಣ್ಣೇ ಹೋಗ್ಬೋದು ಅಂದ್ರು ಡಾಕ್ಟ್ರು. ಕೋಲಾರದಲ್ಲೇ ಆಪರೇಷನ್. ಒಂದು ಹತ್ತು ದಿನ ನಿನ್ ಮನೇಲಿ ಇರ್ಲಾ?"

"ಕೇಳೋದೇನಕ್ಕ? ಇದು ನಿನ್ ಮನೆ ಅಲ್ವಾ? ಬಾ."

ಮನಸ್ಸಿನಿಂದಲೇ ಹೇಳಿದೆ, ಸುಳ್ಳಲ್ಲ. ಮಾತು ಮುಗಿಸಿ ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಪರದೆ ಕಪ್ಪಾಗಿತ್ತು. ದೀಪ ಆರಿದೆ, ಅಲ್ಲಿಗೆ ಫೋನೂ ನಿಂತಿದೆ ಅಂದುಕೊಂಡೆ. ಸಾಂಬಾರು ಪುಡಿಯ ಡಬ್ಬಿಗೆ ಒರಗಿಸಿಟ್ಟು ಅಡುಗೆ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಯಜಮಾನರು ಒಳಗೆ ಬಂದು ಯಾರ ಫೋನೆಂದು ಕೇಳಿದರು. ನಾನು ಬಾಯಿ ಬಿಟ್ಟೆ.

"ಅಕ್ಕ ಬರ್ತಾಳಂತೆ, ಹತ್ತು ದಿನ. ಹತ್ತು ದಿನ ಅಂದ್ರೆ ತಿಂಗಳು ಅಂತ ಇಟ್ಕೊಳ್ರೀ. ನಾನು ತೊಳೆದಿಟ್ಟ ಪಾತ್ರೇನೆಲ್ಲಾ ಇನ್ನೊಂದ್ಸಲ ತೊಳೀತಾಳೆ. ತುಳಸಿ ಕಟ್ಟೆ ಪಕ್ಕದಲ್ಲೇ ಎಲೆಅಡಿಕೆ ಉಗೀತಾಳೆ. ಅವಳ ತೆಲುಗು ಬೀದಿ ಕೊನೆಗಂಟ ಕೇಳುತ್ತೆ. ಪಕ್ಕದ ಮನೆಯವ್ರ ಹತ್ರ ನನ್ ಚಿಕ್ಕಂದಿನ ಕತೆಯೆಲ್ಲಾ ಬಿಚ್ತಾಳೆ. ಅವಳು ಬಂದ್ರೆ ನನ್ ಮನೆ ನನ್ನದಲ್ಲ."

ಯಜಮಾನರು "ಹೂಂ" ಎಂದು ಪೇಪರು ತೆಗೆದುಕೊಂಡು ಹೊರಗೆ ಹೋದರು. ಅವರು ಬಸ್ ಡಿಪೋದಲ್ಲಿದ್ದವರು, ಗದ್ದಲದ ನಡುವೆ ಸುಮ್ಮನಿರುವುದು ಅವರಿಗೆ ಅಭ್ಯಾಸ.

ಎರಡು ದಿನ ಕಳೆದ ಮೇಲೆ, ಹಳೆಯ ಕರೆಗಳ ಪಟ್ಟಿ ನೋಡುವುದು ಹೇಗೆಂಬ ಪಾಠ. ಮಗಳು ಪಟ್ಟಿ ತೆರೆದವಳೇ, "ದೊಡ್ಡಮ್ಮನ ಹತ್ರ ಇಪ್ಪತ್ತೊಂದು ನಿಮಿಷ ಏನಮ್ಮ ಮಾತಾಡ್ದೆ?" ಎಂದಳು.

"ಆರು ನಿಮಿಷವೂ ಮಾತಾಡ್ಲಿಲ್ಲ."

"ಇಲ್ಲಿ ಇಪ್ಪತ್ತೊಂದು ಅಂತಿದೆ." ಫೋನನ್ನು ಅತ್ತಿತ್ತ ತಿರುಗಿಸಿ ನೋಡಿ ನಕ್ಕುಬಿಟ್ಟಳು. "ಅಯ್ಯೋ, ಇದೇನಮ್ಮ ನೆತ್ತಿ ಮೇಲೆ? ಕಿವಿ ಹತ್ರ ಹೋಗಿದೆಯಾ ಅಂತ ಫೋನಿಗೆ ಗೊತ್ತಾಗೋದೇ ಇಲ್ಲಿಂದ. ಇದನ್ನ ಮುಚ್ಚಿದ್ರೆ ಇನ್ನೂ ಕಿವಿ ಹತ್ರಾನೇ ಇದೆ ಅಂದ್ಕೊಳ್ಳುತ್ತೆ. ಪರದೆ ಕಪ್ಪಗಿರುತ್ತೆ, ಲೈನು ಮಾತ್ರ ನಡೀತಾನೇ ಇರುತ್ತೆ." ಸೆರಗಿನ ತುದಿಯಿಂದ ಗಂಧ ಕುಂಕುಮ ಎರಡನ್ನೂ ಒರೆಸಿದಳು.

ಇಪ್ಪತ್ತೊಂದರಲ್ಲಿ ಆರು ಕಳೆದರೆ ಹದಿನೈದು. ಜೀವಮಾನವೆಲ್ಲ ಕಳೆಯುವ ಲೆಕ್ಕ ಹೇಳಿಕೊಟ್ಟಿದ್ದೇನೆ, ಯಾವುದೂ ಹೀಗೆ ಎದೆಗೆ ಬಡಿದಿರಲಿಲ್ಲ. ಕುಕ್ಕರು ಮೂರು ಸಲ ಕೂಗಿತ್ತು, ಆಮೇಲೆ ಯಜಮಾನರು ಒಳಗೆ ಬಂದದ್ದು. ಅಲ್ಲಿಗೆ ಫೋನಿಟ್ಟು ಹನ್ನೆರಡು, ಹದಿಮೂರು ನಿಮಿಷ. ನಾನು ಆಡಿದ್ದು ಅದಾದ ಮೇಲೆ. ಎಷ್ಟು ಸಲ ಲೆಕ್ಕ ಹಾಕಿದರೂ ನನ್ನ ಮಾತು ಆ ಹದಿನೈದರ ಒಳಗೇ ಬಂದು ಬೀಳುತ್ತಿತ್ತು.

"ಕಟ್ ಮಾಡಿದ್ದು ಯಾರು?" ಎಂದು ಕೇಳಿದೆ.

"ನೀನಂತೂ ಅಲ್ಲ. ದೊಡ್ಡಮ್ಮನೇ ಇರ್ಬೇಕು."

"ಅವಳು ಇಡಲ್ಲ. ನೆಟ್‌ವರ್ಕ್ ಹೋಗಿರುತ್ತೆ."

"ಇರ್ಬೋದು" ಎಂದು ಮಗಳು ಮಹಡಿ ಹತ್ತಿದಳು. ಆ ಇರಬಹುದನ್ನೇ ಹಿಡಿದುಕೊಂಡು ನಾನು ಮನೆಯೊಳಗೆ ಸುತ್ತತೊಡಗಿದೆ.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಡಬ್ಬಿಯ ಹತ್ತಿರ ಇಟ್ಟ ಫೋನಿಗೆ ಒಲೆಯ ಮುಂದಿನ ಮಾತು ಕೇಳುತ್ತದೆಯೇ? ಕೇಳದೇ ಇರಬಹುದಲ್ಲ? ಮರುದಿನ ಬೆಳಿಗ್ಗೆ ಯಜಮಾನರ ಫೋನು ಹಿಡಿದು ಬೀದಿ ಕೊನೆಯ ಅಂಗಡಿಯ ಹತ್ತಿರ ಹೋಗಿ ನಿಂತೆ. ನಾನು ನನ್ನ ಫೋನಿಗೆ ಕರೆ ಮಾಡಿದಾಗ ಅವರು ಎತ್ತಿ ಡಬ್ಬಿಗೆ ಒರಗಿಸಿ, ಒಲೆಯ ಮುಂದೆ ನಿಂತು ಮಾತಾಡಬೇಕೆಂದು ಹೇಳಿಕೊಟ್ಟಿದ್ದೆ. ನಾನು ಅಂದು ಆಡಿದ್ದನ್ನೇ ಆಡಿ ಎಂದದ್ದಕ್ಕೆ, "ಅದನ್ನ ನಾನು ಹೇಳಲ್ಲ ಮಾರಾಯ್ತಿ" ಎಂದು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ರಾಹುಕಾಲ, ಗುಳಿಕಕಾಲ, ಏಕಾದಶಿ. ಒಂದಕ್ಷರ ಬಿಡದೆ ಕೇಳಿಸಿತು. ನಲ್ಲಿಯ ನೀರು ತೊಟ್ಟಿಕ್ಕುವುದೂ ಕೇಳಿಸಿತು.

"ಕೇಳುಸ್ತಾ?" ಎಂದರು ನಾನು ಒಳಗೆ ಬಂದಾಗ.

"ಕೇಳುಸ್ತು."

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಫೋನ್ ಮಾಡಿ ತಪ್ಪಾಯ್ತು ಅನ್ನು."

ಅದೊಂದು ಬಿಟ್ಟು ಬೇರೆಲ್ಲ ಮಾಡಿದೆ. ಆ ವಾರ ನಾನು ಕಲಿತಷ್ಟು ವರ್ಷವಿಡೀ ಕಲಿಯುತ್ತಿರಲಿಲ್ಲ. ಪರದೆಯ ಬೆಳಕು ಹೆಚ್ಚಿಸುವುದು, ದನಿ ತಗ್ಗಿಸುವುದು, ಸ್ಪೀಕರು ಹಾಕುವುದು ತೆಗೆಯುವುದು, ಮಾತಾಡುವಾಗಲೇ ನನ್ನ ಕಡೆಯ ಸದ್ದು ಅತ್ತ ಹೋಗದಂತೆ ತಡೆಯುವುದು. ಸ್ಪರ್ಶ ಈಗ ಹಗುರವಾಗಿತ್ತು, ಹೆದರಿಕೆಗೆ ಬೆರಳೇ ಮೆತ್ತಗಾಗಿತ್ತು. ಕೆಂಪು ಬಟನ್ ಮುಟ್ಟಿ, ಕಟ್ಟಾಗಿದೆಯೇ ಎಂದು ಮೂರು ಸಲ ನೋಡುತ್ತಿದ್ದೆ. ಅವಳು ನೊಂದುಕೊಂಡು ಬರದೇ ಹೋದರೆ ಎಂಬುದೇ ಭಯ. ಹೋಗುವುದು ನನ್ನ ಮರ್ಯಾದೆಯಲ್ಲ, ಅವಳ ಕಣ್ಣು.

ಆದರೆ ಅಕ್ಕ ಬಂದಳು. ಸೋಮವಾರ ಬೆಳಗಿನ ಬಸ್ಸಿಗೇ ಬಂದಳು. ಬಾಗಿಲಲ್ಲಿ ನಗುತ್ತಾ ನಿಂತವಳನ್ನು ಕಂಡು, ಸದ್ಯ, ಏನೂ ಕೇಳಿಸಿಲ್ಲ ಅಂದುಕೊಂಡೆ. ಆ ನೆಮ್ಮದಿ ಮಧ್ಯಾಹ್ನದವರೆಗೂ ಬಾಳಲಿಲ್ಲ.

ಊಟವಾದ ಮೇಲೆ ಅವಳು ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಲಿಲ್ಲ. ಚೀಲವೇ ಇರಲಿಲ್ಲ. "ಬಿಟ್ಬಿಟ್ಟೆ ಕಣೇ, ಹಲ್ಲು ನೋವು" ಎಂದಳು. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಪಕ್ಕದ ಮನೆಯಾಕೆ ಬಂದು ತೆಲುಗಿನಲ್ಲಿ ಮಾತಿಗೆಳೆದರೆ, ಅಕ್ಕ ಮೆಲ್ಲಗೆ ಕನ್ನಡದಲ್ಲಿ ಎರಡು ಮಾತಾಡಿ ಎದ್ದುಬಿಟ್ಟಳು. ತನ್ನ ಸೀರೆಗಳನ್ನು ಬೀರುವಿನಲ್ಲಿಡಲು ಒಪ್ಪದೆ ಚೀಲದಲ್ಲೇ ಬಿಟ್ಟು, ಚೀಲವನ್ನು ಬಾಗಿಲ ಪಕ್ಕ ಇಟ್ಟುಕೊಂಡಳು. "ಹತ್ತೇ ದಿನ ತಾನೆ" ಎಂದಳು.

ನಾನು ಯಜಮಾನರಿಗೆ ಒಪ್ಪಿಸಿದ ಪಟ್ಟಿಯನ್ನು ಅವಳು ಒಂದೂ ಬಿಡದೆ ತಿದ್ದಿಕೊಂಡು ಬಂದಿದ್ದಳು. ಒಳ್ಳೆಯ ವಿದ್ಯಾರ್ಥಿ ಹೀಗೆ ತಿದ್ದುತ್ತಾನೆ. ನನ್ನ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಅದು ಪೂರ್ತಿ ನನ್ನದೇ ಆಯಿತು. ನನಗೆ ಅದರಲ್ಲಿ ಇರಲಾಗಲಿಲ್ಲ. ತೊಳೆದ ಲೋಟಗಳನ್ನು ಬೇಕೆಂದೇ ಜಿಡ್ಡು ಬಿಟ್ಟು ಅವಳ ಕಣ್ಣೆದುರು ಜೋಡಿಸಿಟ್ಟೆ. ಅವಳು ನೋಡಿ ಅತ್ತ ತಿರುಗಿದಳು.

ಆಪರೇಷನ್ ಆಯಿತು. ಮೂರನೆಯ ದಿನ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದೆ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇನ್ನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಎಲ್ಲಾ ಕೇಳಿಸ್ತಾ ಅಕ್ಕ?"

ಹನಿ ಇಳಿಯಲೆಂದು ಅವಳು ಕಣ್ಣು ಮುಚ್ಚಿದ್ದಳು. "ನೀನ್ ಇಡ್ತೀಯ ಅಂತ ಕಾಯ್ತಾ ಇದ್ದೆ. ನಿನ್ ಕುಕ್ಕರ್ ಕೂಗ್ತು. ಒಗ್ಗರಣೆ ಹಾಕ್ದೆ. ನಿನ್ ಮನೇಲೇ ಕೂತಂಗಿತ್ತು, ಚೆನ್ನಾಗಿತ್ತು, ಹಂಗೇ ಕೇಳಿಸ್ಕೊಂತಾ ಕೂತೆ. ಆಮೇಲೆ ಆ ಮಾತು ಬಂತು."

"ಇಟ್ಬಿಡ್ಬೇಕಿತ್ತು ನೀನು."

"ಹೆಂಗಿಡ್ಲಿ? ನೀನಿಟ್ಟಿರ್ಲಿಲ್ವಲ್ಲ." ಕೆನ್ನೆಗಿಳಿದ ಹನಿಯನ್ನು ಸೆರಗಿನಿಂದ ಒತ್ತಿಕೊಂಡಳು. "ನನ್ ಮನೆ ನನ್ನದಲ್ಲ ಅಂದ್ಯಲ್ಲ, ಆಗ ಇಟ್ಟೆ."

ನೆಟ್‌ವರ್ಕ್ ಹೋಗಿರಲಿಲ್ಲ. ನಾನು ಅತ್ತೆ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಔಷಧದ ಬಾಟಲಿ ಹಿಡಿದುಕೊಂಡು, ಏಟು ತಿಂದ ಮಗುವಿನ ಹಾಗೆ ಅತ್ತೆ. ತಪ್ಪಾಯ್ತು ಎಂದೆ, ನನ್ನ ನಾಲಗೆಗೆ ಬುದ್ಧಿಯಿಲ್ಲ ಎಂದೆ.

"ಊರುಕೋವೇ" ಎಂದಳು ಅಕ್ಕ, ಚಿಕ್ಕಂದಿನಲ್ಲಿ ನನ್ನನ್ನು ಸುಮ್ಮನಾಗಿಸುತ್ತಿದ್ದ ಅದೇ ತೆಲುಗಿನಲ್ಲಿ. "ನೀನಂದಿದ್ರಲ್ಲಿ ಸುಳ್ಳೇನಿದೆ? ಉಗೀತೀನಿ, ಅರಚ್ತೀನಿ. ನನ್ ಕಣ್ಣಿಗೆ ಉಪ್ಪು ನೀರು ಬಿದ್ದೀತು, ಆ ಕಡೆ ತಿರುಕ್ಕೊಂಡು ಅಳು."

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಲೋಟಗಳ ಸದ್ದು ಬಂತು. ಓಡಿ ಹೋಗಿ ನೋಡಿದರೆ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಸಿಂಕಿನ ಮುಂದೆ ನಿಂತಿದ್ದಾಳೆ. "ಒಂದ್ಕಣ್ಣಿಗೇ ಇಷ್ಟು ಜಿಡ್ಡು ಕಾಣುತ್ತಲ್ಲೇ, ಟೀಚರಮ್ಮ" ಎಂದಳು. ನನಗೆ ಆ ಸದ್ದು ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ. ಯಜಮಾನರು ಪೇಪರಿನ ಹಿಂದೆ ನಕ್ಕದ್ದೂ ಕೇಳಿಸಿತು.

ಹತ್ತನೆಯ ದಿನ ಅವಳು ಊರಿಗೆ ಹೊರಟಳು, ಇನ್ನೆರಡು ದಿನ ಇರೆಂದರೂ ನಿಲ್ಲಲಿಲ್ಲ. ಕಣ್ಣು ಚೆನ್ನಾಗಿದೆ. ಹಣ್ಣಾದ ಹುಳ ಈಗ ದೂರದಿಂದಲೇ ಕಾಣುತ್ತದಂತೆ. ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ, ನಗುತ್ತೇವೆ, ನಮ್ಮಿಬ್ಬರ ನಡುವೆ ಏನೂ ಆಗಿಲ್ಲ ಎಂದು ಯಾರಾದರೂ ಆಣೆ ಮಾಡಿ ಹೇಳಬಹುದು.

ಒಂದೇ ವ್ಯತ್ಯಾಸ. ಮಾತು ಮುಗಿಯುವ ಸುಳಿವು ಸಿಕ್ಕಿದ ಕೂಡಲೇ ಅಕ್ಕ "ಆಯ್ತು ಕಣೇ, ಇಡ್ತೀನಿ" ಎನ್ನುತ್ತಾಳೆ, ಇಟ್ಟುಬಿಡುತ್ತಾಳೆ. ನಾನು ಬೆರಳನ್ನು ಕೆಂಪು ಬಟನ್ನಿನ ಹತ್ತಿರ ತರುವಷ್ಟರಲ್ಲಿ ಅದು ಪರದೆಯ ಮೇಲೆ ಇರುವುದಿಲ್ಲ. ಮಗಳು ಹೇಳಿದ ಪಾಠಗಳಲ್ಲೆಲ್ಲ ನಾನು ತಪ್ಪಿಲ್ಲದೆ ಕಲಿತದ್ದು ಆ ಬಟನ್ ಮುಟ್ಟುವುದೊಂದೇ. ಅಕ್ಕನ ಫೋನಿನಲ್ಲಿ ಇಲ್ಲಿಯವರೆಗೆ ಅದನ್ನು ಮುಟ್ಟುವ ಅವಕಾಶವೇ ಬಂದಿಲ್ಲ.