ಮೊದಲ ಮಳೆಗೆ ಅಡ್ಡಹಲಗೆ

ನಾನು ಗಂಗಾವತಿ ಕಡೆಯವಳು. ಮನೆಯ ಹಿಂದೆಯೇ ಕಾಲುವೆ, ಅದರಾಚೆ ಭತ್ತದ ಗದ್ದೆ. ನೀರೆಂಬುದು ಬೇಕಾದಾಗ ಬಗ್ಗಿ ಮೊಗೆದುಕೊಳ್ಳಲು ಇರುವಂಥದ್ದು ಎಂದುಕೊಂಡೇ ಬೆಳೆದೆ. ಮದುವೆಯಾಗಿ ಕುಕನೂರಿನ ಹತ್ತಿರದ ಈ ಊರಿಗೆ ಬಂದ ಹೊಸತರಲ್ಲಿ, ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಇಡದೆ ಬಚ್ಚಲಿಗೆ ಸುರಿದೆ. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಏನವ್ವಾ, ನಿಮ್ಮಪ್ಪ ಬಳುವಳಿಯಾಗಿ ಕಾಲುವಿನೂ ಕೊಟ್ಟು ಕಳಿಸ್ಯಾನೇನು?"

ಆ ಮಾತನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ನಾನೂ ಸುಮ್ಮನಿರುವವಳಲ್ಲ, "ಕೊಟ್ಟಾನ, ನಿಮ್ಮ ಊರಿನ ಬಿಸಲಿಗೆ ದಾರ್‍ಯಾಗ ಬತ್ತಿ ಹೋತು" ಎನ್ನುತ್ತೇನೆ. ನಮ್ಮಿಬ್ಬರ ಸಂಸಾರ ನಡೆದದ್ದೇ ಹೀಗೆ.

ನಮ್ಮ ಓಣಿಯ ಕೊನೆಗೊಂದು ಬಾವಿ ಇದೆ. ಊರಿನ ಬೋರುಗಳ ನೀರೆಲ್ಲ ಸವಳು. ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಬಾವಿ ನೀರಿನಲ್ಲಿ ಮಾತ್ರ ಬೇಳೆ ಬೆಣ್ಣೆಯ ಹಾಗೆ ಕರಗುತ್ತದೆ. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಅತ್ತೆಗೆ ಇದ್ದ ಪರೀಕ್ಷೆ ಅದೊಂದೇ. "ಬ್ಯಾಳಿ ಬೆಂತು? ಮುಗೀತು, ನೀರು ಛಲೋ ಐತಿ." ಅವರು ಮದುಮಗಳಾಗಿ ಬಂದ ದಿನ ಮೊದಲ ಕೊಡ ತುಂಬಿದ್ದು ಅದೇ ಬಾವಿಯಲ್ಲಿ.

ಕೆಲವು ವರ್ಷಗಳ ಹಿಂದೆ ಓಣಿಗೆ ಸಿಮೆಂಟ್ ರಸ್ತೆ ಬಂತು. ಕೆಸರು ತಪ್ಪಿತೆಂದು ಎಲ್ಲರಿಗೂ ಖುಷಿ. ಆದರೆ ಮೊದಲು ಮಣ್ಣಿನಲ್ಲಿ ಇಂಗುತ್ತಿದ್ದ ಮಳೆನೀರು ಈಗ ಬೈಕ್ ರಿಪೇರಿ ಅಂಗಡಿಯ ಎಣ್ಣೆ, ಸಗಣಿ, ಗುಟ್ಕಾ ಉಗುಳು, ಎಲ್ಲವನ್ನೂ ಬಳಿದುಕೊಂಡು ಇಳಿಜಾರಿನ ಬಾವಿಗೇ ನುಗ್ಗತೊಡಗಿತು. ಬೇಳೆಯೇನೋ ಬೇಯುತ್ತಿತ್ತು. ಕೊಡದ ನೀರಿನ ಮೇಲೆ ಬಣ್ಣಬಣ್ಣದ ಪೊರೆಯೂ ತೇಲುತ್ತಿತ್ತು. ನೀರು ಪರೀಕ್ಷೆಗೆ ಒಯ್ದ ಪಂಚಾಯಿತಿಯವರು, ಇದು ಬಳಸುವಂತಿಲ್ಲ, ಬಾವಿಗೆ ಚಪ್ಪಡಿ ಮುಚ್ಚುತ್ತೇವೆ ಎಂದರು. ಚಪ್ಪಡಿ ಬಂದ ದಿನ ಅತ್ತೆ ಬಾವಿಕಟ್ಟೆಯ ಮೇಲೆ ಹೋಗಿ ಕುಳಿತೇಬಿಟ್ಟರು.

"ಮುಚ್ಚೂದಿದ್ರ ನನ್ನೂ ಒಳಗ ಹಾಕಿ ಮುಚ್ಚ್ರಿ."

ಚಪ್ಪಡಿಯ ಜೊತೆ ಬಂದ ಇಂಜಿನಿಯರ್ ಕುಷ್ಟಗಿ ಕಡೆಯ ಹುಡುಗಿ. ಬೇರೆಯವರಾಗಿದ್ದರೆ ಜಗಳವಾಡುತ್ತಿದ್ದರು, ಇಲ್ಲವೇ ಹೊರಟುಹೋಗುತ್ತಿದ್ದರು. ಆಕೆ ಅತ್ತೆಯ ಪಕ್ಕದಲ್ಲಿ ಕಟ್ಟೆಯ ಮೇಲೆಯೇ ಕುಳಿತಳು.

"ಒಂದು ಮಳಿಗಾಲ ನೋಡೂಣ್ರಿ ಯಮ್ಮ. ಓಣಿ ಹೊಲಸು ಬಾವಿಗೆ ಬರದಂಗ ಒಂದು ವ್ಯವಸ್ಥಾ ಮಾಡ್ತೀನಿ. ಆಮ್ಯಾಲ ಮತ್ತ ನೀರು ಪರೀಕ್ಷಾ. ಛಲೋ ಬಂತು, ಬಾವಿ ನಿಮ್ದು. ಬರಲಿಲ್ಲ, ನಾನ ನಿಂತು ಮುಚ್ಚಸ್ತೀನಿ. ಒಪ್ಪೇತೇನ್ರಿ?"

ಅತ್ತೆ ಒಪ್ಪಿದರು. ಬಾವಿಕಟ್ಟೆ ಎತ್ತರವಾಯಿತು. ಬಾವಿಗಿಂತ ಮೇಲ್ಗಡೆ ಒಂದು ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ತೊಳೆದ ಉಸುಕು ತುಂಬಿದರು. ಮಳೆನೀರು ಅದರಲ್ಲಿ ಸೋಸಿಕೊಂಡು, ನೆಲದೊಳಗಿಂದ ನಿಧಾನಕ್ಕೆ ಬಾವಿ ಸೇರಬೇಕು. ಗುಂಡಿಯ ಬಾಯಿಗೆ ಒಂದು ಹಲಗೆ. ಹಲಗೆ ಅಡ್ಡವಿದ್ದರೆ ನೀರು ಗುಂಡಿಗೆ ಇಳಿಯದೆ ಗಟಾರದಲ್ಲೇ ಮುಂದೆ ಹೋಗಿ ಊರಾಚೆಯ ಜೊಂಡು ಬೆಳೆದ ಹೊಂಡ ಸೇರುತ್ತದೆ. ಅಲ್ಲಿ ಕೊಳೆ ತಳಕ್ಕಿಳಿಯುತ್ತದೆ. ವರ್ಷದ ಮೊದಲ ಮಳೆ ಬೇಸಿಗೆಯ ಹೊಲಸನ್ನೆಲ್ಲ ಹೊತ್ತು ತರುವುದರಿಂದ ಅದನ್ನು ಒಳಗೆ ಬಿಡಲೇಬಾರದು, ಓಣಿ ತೊಳೆದ ಮೇಲೆ ಬರುವ ಮಳೆಗೆ ಹಲಗೆ ಎತ್ತಿದರೆ ಸಾಕು ಎಂದು ಆಕೆ ಬಿಡಿಸಿ ಹೇಳಿದಳು. ನಮ್ಮ ಮನೆ ಹತ್ತಿರವಾದ್ದರಿಂದ ಹಲಗೆ ಅತ್ತೆಯ ಸುಪರ್ದಿಗೆ ಬಂತು.

ಸುಡುಸುಡು ಬೇಸಿಗೆಯ ಕೊನೆಗೆ ಒಂದು ಸಂಜೆ ಮಳೆ ಧೋ ಎಂದು ಬಂತು. ನಾನು ಮಾಳಿಗೆಯ ಮೇಲೆ ಒಣಹಾಕಿದ್ದ ಶ್ಯಾವಿಗೆ ಬಾಚಿಕೊಂಡು ಕೆಳಗಿಳಿದು ನೋಡಿದರೆ ಅತ್ತೆ ಇಲ್ಲ. ಗುಂಡಿಯ ಬಳಿ ತೊಯ್ದು ತೊಪ್ಪೆಯಾಗಿ ಕೈಮುಗಿದು ನಿಂತಿದ್ದಾರೆ, ಹಲಗೆ ಅತ್ತ ಬಿದ್ದಿದೆ, ಕಪ್ಪು ನೀರು ನೊರೆಯೆಬ್ಬಿಸಿಕೊಂಡು ಗುಂಡಿಗೆ ಬೀಳುತ್ತಿದೆ! ನನಗೆ ಪಿತ್ತ ನೆತ್ತಿಗೇರಿತು.

"ಅತ್ತೀ! ಏನ್ ಮಾಡಿದ್ರಿ ಇದು?"

"ವರ್ಷಕ್ಕೊಮ್ಮೆ ಬಾಗಲಿಗೆ ಬಂದಾಕಿನ್ನ ಹೊಳ್ಳಿ ಹೋಗಂತ ಹ್ಯಾಂಗ ಅನ್ಲಿ? ಸಿಟ್ಟಾಗಿ ಮತ್ತ ಬರ್ಲಿಲ್ಲಂದ್ರ?"

ಕಾಲುವೆಯ ಊರಿನ ನನಗೆ ಆ ಹೆದರಿಕೆ ಅರ್ಥವಾಗಲಿಲ್ಲ. ಬಾವಿಯನ್ನು ನೀವೇ ಕಳೆದಿರಿ ಎಂದು ಕೂಗಾಡಿದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಫೋನ್ ಮಾಡಿ ಕರೆಸಿದಾಗ ಆ ಹುಡುಗಿ ಬೈಯಲಿಲ್ಲ. ಆ ಒಂದು ಕಾರಣಕ್ಕೇ ನಾನು ಅವಳಿಗೆ ಋಣಿ. ಚಪ್ಪಲಿ ಬಿಟ್ಟು ಗುಂಡಿಗಿಳಿದು ಮೇಲಿನ ಉಸುಕು ಬಗೆದಳು. ಮೇಲೆಲ್ಲ ಕರ್‍ರಗೆ ಅಂಟು, ಅದರ ಕೆಳಗೆ ಉಸುಕು ಇನ್ನೂ ಬಿಳುಪಾಗಿತ್ತು. ಒಂದು ಹಿಡಿ ಕಪ್ಪು ಉಸುಕು ತಂದು ಅತ್ತೆಯ ಅಂಗೈಯಲ್ಲಿಟ್ಟಳು.

"ಕೆಳಗ ಇಳದಿಲ್ರಿ ಯಮ್ಮ, ಮ್ಯಾಲ ಹಿಡದೈತಿ. ಉಸುಕು ಬದಲಿ ಮಾಡಿದ್ರ ಆತು."

ಅತ್ತೆ ಮೂಸಿ ನೋಡಿದರು. ಪೆಟ್ರೋಲಿನ ವಾಸನೆ. "ಇಷ್ಟು ದಿನ ಇದನ್ನ ನಿಮಗೆಲ್ಲ ಅಡಗಿ ಮಾಡಿ ಉಣಸೀನೇನವ್ವಾ?" ಎಂದರು. ಬೈದದ್ದಕ್ಕೆ ನನಗೆ ಕೆಟ್ಟೆನಿಸಿತು. ಆಮೇಲೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಬಂದರು, ರಿಪೇರಿ ಅಂಗಡಿಯವನು ಕರೆಯದೆಯೇ ಸಲಿಕೆ ತಂದ. ಅವನು ಅಂದಿನಿಂದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದಿಡುತ್ತಾನೆ. ಕೊಳೆ ಉಸುಕನ್ನು ಇಂಜಿನಿಯರ್ ಹುಡುಗಿ ಹೊಲಗಳಿಗೆ ಬೀಳಗೊಡದೆ ಗಾಡಿಯಲ್ಲಿ ಸಾಗಿಸಿದಳು.

ಆ ವರ್ಷ ಮಳೆ ಸಿಟ್ಟಾಗಲಿಲ್ಲ, ಮತ್ತೆ ಬಂತು. ಮಳೆಗಾಲ ಮುಗಿದು ನೀರಿನ ಪರೀಕ್ಷೆಯಾಯಿತು, ಈ ಸಲ ನೀರು ಪಾಸಾಯಿತು. ಬ್ಲೀಚಿಂಗ್ ಪುಡಿ ಹಾಕುತ್ತ, ಕುದಿಸಿ ಬಳಸಿ ಎಂದು ಹೇಳಿ, ಚಪ್ಪಡಿಯನ್ನು ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಆ ಹುಡುಗಿ ಹೊರಟಳು. ಅತ್ತೆ ಅವಳನ್ನು ಊಟ ಮಾಡಿಸದೆ ಬಿಡಲಿಲ್ಲ. ಬೇಳೆಗೆ ಎಷ್ಟು ತುಪ್ಪ ಸುರಿದರೆಂದರೆ, ಸ್ವಂತ ಸೊಸೆಗೆ ಎಂದೂ ಅಷ್ಟು ಸುರಿದವರಲ್ಲ.

ಈ ವರ್ಷದ ಮೊದಲ ಮಳೆಗೆ ಇಬ್ಬರೂ ಹಲಗೆಯ ಬಳಿ ಇದ್ದೆವು. ಅತ್ತೆ ಅದರ ಮೇಲೆ ಕಾಲೂರಿ ನಿಂತಿದ್ದರು. ಇಡೀ ಬೇಸಿಗೆ ಕಾದು ಕಾದು ಬಂದ ನೀರು ನನ್ನ ಕಣ್ಣೆದುರೇ ಗಟಾರದಲ್ಲಿ ಹರಿದುಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಮನೆಗೆ ಓಡಿ ಕೊಡ ತಂದು ಬಗ್ಗಿದೆ, ಕಾಲುವೆಯ ಮಗಳು ನಾನು. ಅತ್ತೆ ನನ್ನ ರಟ್ಟೆ ಹಿಡಿದರು.

"ಬ್ಯಾಡವ್ವಾ, ಹೋಗ್ಲಿ ಬಿಡು. ಓಣಿ ತೊಳ್ಯಾಕ ಬಂದಾಳ, ತೊಳದು ಹೋಗ್ಲಿ. ಹಿಂದ ಆಕಿ ತಂಗಿ ಬರ್ತಾಳ."

ನಾನು ಖಾಲಿ ಕೊಡ ಹಿಡಿದು ಅವರ ಪಕ್ಕದಲ್ಲಿ ತೊಯ್ಯುತ್ತ ನಿಂತೆ.