ಕಮ್ಮಿ ಬಂದ ತಮ್ಮ

ತೊಂಬತ್ತರ ದಶಕದಲ್ಲಿ ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಕಂಪ್ಲಿಯ ರೈಸ್‌ಮಿಲ್ ಸಾಹುಕಾರರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆಯಲ್ಲಿ ಅಂಕಿ ಹೆಚ್ಚು ಬಂತು. ಹೆದರಿ ಊಟ ಬಿಟ್ಟರು. ಮುಂದಿನ ತಪಾಸಣೆಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ. "ಕೆಲವು ಮನೆತನದಾಗ ಈ ಅಂಕಿ ವಂಶದಿಂದ್ಲೇ ಹೆಚ್ಚಿರತೈತ್ರಿ. ತಮ್ಮಂದಿರ್ದೂ ನೋಡೋಣ" ಎಂದರು ಡಾಕ್ಟರು.

ಇಬ್ಬರು ತಮ್ಮಂದಿರೂ ಬಂದು ರಕ್ತ ಕೊಟ್ಟರು. ನಡುವಿನವರದು ಅಣ್ಣನಷ್ಟೇ ಹೆಚ್ಚು. ಕಿರಿಯವರದು ಮಾತ್ರ ನಾರ್ಮಲ್. "ನಿಮಗೇನೂ ಇಲ್ರಿ" ಎಂದು ನಗುತ್ತ ರಿಪೋರ್ಟ್ ಕೊಟ್ಟೆ. ಅವರ ಮುಖ ಸಣ್ಣದಾಯಿತು.

"ನಂದ್ಯಾಕ್ರಿ ಕಮ್ಮಿ? ನಾನೂ ಅದ ಅಪ್ಪಗ ಹುಟ್ಟೀನಿ!"

"ಎಲ್ಲಾ ಮಕ್ಕಳಿಗೂ ಬರಬೇಕಂತಿಲ್ರಿ" ಎಂದೆ.

"ಹಂಗಂತ ಬರದು ಸೀಲ್ ಹಾಕಿ ಕೊಡ್ರಿ. ಈ ಅಣ್ಣಗೋಳು ನಾಳಿಂದ ಊರಾಗ ನನ್ನ ಸುಮ್ನ ಬಿಡೂದಿಲ್ಲ."

ಬರೆದುಕೊಟ್ಟೆ. ಒಳ್ಳೆಯ ರಿಪೋರ್ಟ್ ಬಂದವರಿಗೆ ನಾನು ಸಮಾಧಾನ ಹೇಳಿದ್ದು ಅದೊಂದೇ ಸಲ.